ಒಕ್ಕದ ಮರಕ್ಕೆ ಡಿಎನ್‌ಎ ಎಳೆ: ಪರೀಕ್ಷೆಯ ಫಲಿತಾಂಶವನ್ನು ಆನ್‌ಲೈನ್ ವಂಶವೃಕ್ಷಕ್ಕೆ ಜೋಡಿಸುವ ಬಗೆ

ನನಗೂ ಬೆಂಗಳೂರಿನಲ್ಲಿರುವ ನಮ್ಮ ಒಕ್ಕದ (ಕೊಡವರಲ್ಲಿ ಮನೆತನಕ್ಕೆ ಒಕ್ಕ ಅನ್ನುತ್ತೇವೆ) ಒಬ್ಬ ತಂಗಿಗೂ ಡಿಎನ್‌ಎ ಪರೀಕ್ಷೆಯಲ್ಲಿ 410 ಸೆಂಟಿಮಾರ್ಗನ್ ಹೊಂದಿಕೆ ಬಂತು. ಇಬ್ಬರ ನಡುವೆ ಎಷ್ಟು ಡಿಎನ್‌ಎ ಹೊಂದುತ್ತದೆ ಅನ್ನುವುದರ ಅಳತೆ ಅದು. ನಮ್ಮಿಬ್ಬರ ಅಜ್ಜಂದಿರು ಅಣ್ಣತಮ್ಮಂದಿರು. ಆ ಲೆಕ್ಕಕ್ಕೆ 230ರ ಆಸುಪಾಸು ಬರಬೇಕು. ಬಂದದ್ದು ಹೆಚ್ಚುಕಡಿಮೆ ಎರಡರಷ್ಟು. ಒಂದು ವಾರ ನಾನು ಮರದ ಕೊಂಬೆಗಳನ್ನು ಮತ್ತೆ ಮತ್ತೆ ನೋಡಿದೆ. ತಪ್ಪು ಸಿಗಲಿಲ್ಲ. ಪುತ್ತರಿ ಹಬ್ಬಕ್ಕೆ ಐನ್‌ಮನೆಗೆ, ಅಂದರೆ ಒಕ್ಕದ ಮೂಲ ಮನೆಗೆ, ಹೋದಾಗ ಹಿರಿಯ ಅತ್ತೆಯೊಬ್ಬರ ಹತ್ತಿರ ವಿಷಯ ತೆಗೆದೆ.

"ನಿನ್ನ ಅಜ್ಜಿ, ಅವಳ ಅಜ್ಜಿ ಓರಗಿತ್ತಿಯರು ಅಂತ ಮಾತ್ರ ಬರ್ಕೊಂಡಿದ್ದೀಯಾ? ಅವರು ಒಂದೇ ಮನೆಯ ಅಕ್ಕತಂಗಿ ಅಲ್ವಾ ಮಗ" ಅಂದರು ಅತ್ತೆ.

ಅಣ್ಣತಮ್ಮಂದಿರು ಅಕ್ಕತಂಗಿಯರನ್ನೇ ಮದುವೆಯಾಗಿದ್ದರು. ಅಜ್ಜಂದಿರ ಕಡೆಯಿಂದ ಒಂದು 230, ಅಜ್ಜಿಯರ ಕಡೆಯಿಂದ ಇನ್ನೊಂದು 230. ಎರಡೂ ಸೇರಿದರೆ 460. ನಮಗೆ ಬಂದ 410 ಅದಕ್ಕೆ ಸರಿಯಾಗಿಯೇ ಇತ್ತು. ಮರದಲ್ಲಿ ನಾನು ಇಬ್ಬರು ಅಜ್ಜಿಯರಿಗೂ ಗಂಡನ ಒಕ್ಕದ ಹೆಸರನ್ನೇ ಹಾಕಿದ್ದೆ. ತವರಿನ ಒಕ್ಕ ಬರೆದಿರಲಿಲ್ಲ. ಬರೆದಿದ್ದರೆ ಆ ಒಂದು ವಾರ ಉಳಿಯುತ್ತಿತ್ತು.

ಡಿಎನ್‌ಎ ಫಲಿತಾಂಶವನ್ನು ಆನ್‌ಲೈನ್ ಮರಕ್ಕೆ ಜೋಡಿಸುವುದು ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಫಲ ಕೊಡಬೇಕಾದರೆ ಅದರ ಹಿಂದೆಯೂ ಮುಂದೆಯೂ ಮಾಡುವುದು ಬೇಕಾದಷ್ಟಿದೆ. ಕೊಡಗಿನವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಈ ವೆಬ್‌ಸೈಟುಗಳನ್ನು ಕಟ್ಟಿದವರಿಗೆ ಒಕ್ಕ, ಸೋದರಿಕೆ ಸಂಬಂಧ, ಒಕ್ಕ ಪರಿಜೆ (ಗಂಡ ಹೆಂಡತಿಯ ಒಕ್ಕಕ್ಕೆ ಸೇರುವ ಪದ್ಧತಿ) ಇವೆಲ್ಲ ಗೊತ್ತಿರಲಿಲ್ಲ. ಅವರು ಮಾಡಿಟ್ಟ ಖಾನೆಗಳಲ್ಲಿ ನಮ್ಮ ಮನೆಯನ್ನು ಸರಿಯಾಗಿ ಕೂರಿಸುವುದು ನಮ್ಮದೇ ಕೆಲಸ.

ಮೊದಲು ಮರ, ಆಮೇಲೆ ಕಿಟ್

ತುಂಬಾ ಜನ ಡಿಎನ್‌ಎ ಪರೀಕ್ಷೆಯ ಕಿಟ್ ತರಿಸಿ, ಫಲಿತಾಂಶ ಬಂದ ಮೇಲೆ ಮರ ಹಾಕಲು ಕೂರುತ್ತಾರೆ. ಉಲ್ಟಾ ಮಾಡಿ. ಮುತ್ತಜ್ಜ, ಮುತ್ತಜ್ಜಿಯರವರೆಗೆ ಹೆಸರುಗಳು ಸೇರಿದ ಮೇಲೆ ಕಿಟ್‌ಗೆ ದುಡ್ಡು ಕೊಡಿ. ಎಂಟು ಜನ ಮುತ್ತಜ್ಜ ಮುತ್ತಜ್ಜಿಯರ ಒಕ್ಕಗಳು ಗೊತ್ತಿದ್ದರೆ, ಡಿಎನ್‌ಎ ಹೊಂದುವ ನೆಂಟರ ಪಟ್ಟಿಯಲ್ಲಿ ಬರುವ ಅರ್ಧದಷ್ಟು ಹೆಸರುಗಳು ಯಾವ ಕಡೆಯವು ಅಂತ ನೋಡಿದ ಕೂಡಲೇ ತಿಳಿಯುತ್ತದೆ.

ಎಲ್ಲಿ ಹುಡುಕಬೇಕು? ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಹಳೆಯ ಮದುವೆ ಕಾಗದಗಳು. ಎರಡೂ ಒಕ್ಕದ ಹೆಸರು, ಅಪ್ಪ ಅವ್ವನ ಹೆಸರು, ಊರು, ತಾರೀಕು ಎಲ್ಲ ಒಂದೇ ಕಡೆ ಇರುತ್ತವೆ. ಅತ್ತೆಯಂದಿರ ಟ್ರಂಕಿನಲ್ಲಿ, ದೇವರ ಪಟದ ಹಿಂದೆ ಸಿಕ್ಕೇ ಸಿಗುತ್ತವೆ. ನಾಡಕಚೇರಿಯಿಂದ ಪಡೆದ ವಂಶವೃಕ್ಷ ಪ್ರಮಾಣಪತ್ರ ಮನೆಯಲ್ಲಿದ್ದರೆ ಅದೂ ಒಳ್ಳೆಯ ಆರಂಭ. ಆದರೆ ಅದು ಆಸ್ತಿಯ ವಾರಸುದಾರರಿಗಾಗಿ ಮಾಡಿಸಿದ್ದು. ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು ಅದರಲ್ಲಿ ಇರುವುದಿಲ್ಲ. ಹಳೆಯ ಪ್ರತಿಗಳಲ್ಲಿ ಹೆಣ್ಣುಮಕ್ಕಳನ್ನೇ ಬಿಟ್ಟಿರುವುದನ್ನೂ ನೋಡಿದ್ದೇನೆ. ಒಕ್ಕಕ್ಕೆ ಪರಂಪರೆಯಿಂದ ಬಂದ ಜಮ್ಮಾ ಜಮೀನಿನ ದಾಖಲೆಗಳಲ್ಲಿ ಪಟ್ಟೆದಾರರ (ಒಕ್ಕದ ಮುಖ್ಯಸ್ಥರ) ಹೆಸರು ಒಂದರ ಹಿಂದೆ ಒಂದು ಸಿಗುತ್ತವೆ. ಆದರೆ ಪಟ್ಟೆದಾರಿಕೆ ಅಪ್ಪನಿಂದ ಮಗನಿಗೇ ಹೋಗಬೇಕೆಂದಿಲ್ಲ, ಒಕ್ಕದ ಹಿರಿಯನಿಗೆ ಹೋಗುತ್ತದೆ. ಆ ಪಟ್ಟಿಯನ್ನೇ ತಂದೆ ಮಗ ಅಂತ ಮರಕ್ಕೆ ಏರಿಸಬೇಡಿ.

ಹೆಸರು ಬರೆಯುವಾಗ ಒಂದು ಶಿಸ್ತು ಬೇಕು. ಕುಟುಂಬದ ಹೆಸರಿನ ಖಾನೆಯಲ್ಲಿ ಹುಟ್ಟಿದ ಒಕ್ಕ. ಹೆಣ್ಣುಮಕ್ಕಳಿಗೆ ಮದುವೆಯಾಗಿ ಹೋದ ಒಕ್ಕವನ್ನು 'ಮದುವೆಯ ನಂತರದ ಹೆಸರು' ಅನ್ನುವ ಬೇರೆ ಖಾನೆಯಲ್ಲಿ ಹಾಕಿ. ಹಲವು ವೆಬ್‌ಸೈಟುಗಳಲ್ಲಿ ಅದಕ್ಕೆ ಜಾಗ ಇದೆ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಅಪ್ಪಯ್ಯ, ಬೋಪಯ್ಯ ಅನ್ನುವ ಹೆಸರುಗಳನ್ನು ಒಂದೇ ಮನೆಯ ಮೂವರು ಇಂಗ್ಲಿಷಿನಲ್ಲಿ ಮೂರು ಥರ ಬರೆಯುತ್ತಾರೆ. ಕನ್ನಡದಲ್ಲಿದ್ದರೆ ಆ ಗೊಂದಲ ಇಲ್ಲ. ಹುಟ್ಟಿದ ವರ್ಷ ಸರಿಯಾಗಿ ಗೊತ್ತಿಲ್ಲದಿದ್ದರೆ '1890ರ ಸುಮಾರು' ಅಂತಲಾದರೂ ಹಾಕಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮಲ್ಲಿದೆ. ವರ್ಷ ಇಲ್ಲದಿದ್ದರೆ ಅಜ್ಜ ಯಾರು, ಮೊಮ್ಮಗ ಯಾರು ಅಂತ ಮುಂದೆ ಯಾರಿಗೂ ತಿಳಿಯುವುದಿಲ್ಲ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಅನ್ನುವುದನ್ನೂ ಟಿಪ್ಪಣಿಯಲ್ಲಿ ಬರೆದಿಡಿ.

ಅರೆಭಾಷೆ ಗೌಡರ ಮನೆಯವರಾದರೆ ಒಕ್ಕದ ಜಾಗದಲ್ಲಿ ಮನೆತನದ ಹೆಸರು ಹಾಕಿ, ಬಳಿಯನ್ನು, ಅಂದರೆ ಕುಲವನ್ನು, ಟಿಪ್ಪಣಿಯಲ್ಲಿ ಸೇರಿಸಿ. ಮುಂದಿನದೆಲ್ಲ ಒಂದೇ.

ಯಾರನ್ನು ಪರೀಕ್ಷೆ ಮಾಡಿಸಬೇಕು

ಮನೆಯ ಅತಿ ಹಿರಿಯರನ್ನು. ಇದರಲ್ಲಿ ಎರಡನೆಯ ಮಾತಿಲ್ಲ. ಪ್ರತಿ ತಲೆಮಾರಿಗೆ ಒಬ್ಬ ಪೂರ್ವಿಕನ ಡಿಎನ್‌ಎ ಸರಾಸರಿ ಅರ್ಧ ಕಳೆದುಹೋಗುತ್ತದೆ. ಅಜ್ಜಿಯ ಒಂದು ಪರೀಕ್ಷೆ ನಿಮ್ಮ ಪರೀಕ್ಷೆಗಿಂತ ಎರಡು ತಲೆಮಾರು ಹಿಂದಕ್ಕೆ ನೋಡುತ್ತದೆ. ಒಂದೇ ಕಿಟ್‌ಗೆ ದುಡ್ಡಿದ್ದರೆ ನಿಮ್ಮದನ್ನು ಬಿಟ್ಟು ಅಜ್ಜಿಯದನ್ನು ಮಾಡಿಸಿ. ಅಪ್ಪ ಅವ್ವ ಇಬ್ಬರದೂ ಆದರೆ ನಿಮ್ಮದು ಬೇಕಾಗುವುದೇ ಇಲ್ಲ.

ಕೇಳುವ ರೀತಿ ಮುಖ್ಯ. ಎಂಜಲು ತುಂಬಿದ ಕೊಳವೆ ಎಲ್ಲಿಗೆ ಹೋಗುತ್ತದೆ, ಏನೇನು ತಿಳಿಯಬಹುದು ಅಂತ ಅವರ ಭಾಷೆಯಲ್ಲಿ ಹೇಳಿ. ಗೊತ್ತಿಲ್ಲದ ನೆಂಟರು ಸಿಗಬಹುದು. ಗೊತ್ತಿದ್ದ ನೆಂಟಸ್ತಿಕೆ ಬೇರೆಯೇ ಅಂತಲೂ ತೋರಬಹುದು. ಇದನ್ನು ಮೊದಲೇ ಹೇಳದೆ ಸಹಿ ಹಾಕಿಸಿಕೊಳ್ಳುವುದು ತಪ್ಪು. ಬೇಡ ಅಂದವರನ್ನು ಎರಡನೆಯ ಸಲ ಒತ್ತಾಯಿಸಬೇಡಿ. ಅವರ ತಂಗಿ, ತಮ್ಮ ಒಪ್ಪಬಹುದು, ಅವರಿಂದಲೂ ಕೆಲಸ ಆಗುತ್ತದೆ.

ಮಾದರಿ ಕೊಡುವ ಅರ್ಧ ಗಂಟೆ ಮೊದಲು ಏನೂ ತಿನ್ನಬಾರದು, ಕುಡಿಯಬಾರದು. ಎಲೆ ಅಡಿಕೆ ಹಾಕುವ ಹಿರಿಯರಿಗೆ ಇದನ್ನು ಹಿಂದಿನ ದಿನವೇ ಹೇಳಿ, ಬೆಳಿಗ್ಗೆ ಎದ್ದ ಕೂಡಲೇ ಕಾಫಿಗೂ ಮೊದಲು ಮುಗಿಸಿಬಿಡಿ. ವಯಸ್ಸಾದವರಿಗೆ ಕೊಳವೆ ತುಂಬುವಷ್ಟು ಎಂಜಲು ಬರುವುದು ಕಷ್ಟ. ಅಂಥವರಿಗೆ ಕೆನ್ನೆಯ ಒಳಗೆ ಉಜ್ಜುವ ಕಡ್ಡಿಯ ಕಿಟ್ ಒಳ್ಳೆಯದು. ಪುತ್ತರಿಗೋ ಕೈಲ್ ಪೊಳ್ದಿ ಹಬ್ಬಕ್ಕೋ ಎಲ್ಲರೂ ಐನ್‌ಮನೆಗೆ ಬಂದಾಗ ಮಾಡಿಕೊಂಡರೆ ಮನೆಮನೆ ಅಲೆಯುವುದು ತಪ್ಪುತ್ತದೆ. ಕಿಟ್‌ನ ಸಂಖ್ಯೆಯನ್ನೂ ಹೆಸರನ್ನೂ ಅಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಐದಾರು ಕೊಳವೆಗಳು ಒಂದೇ ಮೇಜಿನ ಮೇಲಿದ್ದರೆ ಅದಲುಬದಲಾಗಲು ಒಂದು ನಿಮಿಷ ಸಾಕು.

ಯಾವ ಪರೀಕ್ಷೆ

ಮೂರು ಬಗೆ. ಆಟೋಸೋಮಲ್ ಪರೀಕ್ಷೆ ಅಪ್ಪನ ಕಡೆ, ಅವ್ವನ ಕಡೆ ಎಲ್ಲ ಎಳೆಗಳನ್ನೂ ನೋಡುತ್ತದೆ, ಐದಾರು ತಲೆಮಾರಿನ ಒಳಗೆ. ವೈ ಪರೀಕ್ಷೆ ಗಂಡಸರಿಗೆ ಮಾತ್ರ. ಅಪ್ಪ, ಅಪ್ಪನ ಅಪ್ಪ, ಅವರ ಅಪ್ಪ ಅಂತ ಒಂದೇ ಎಳೆ ಹಿಡಿದು ಬಹಳ ಹಿಂದಕ್ಕೆ ಹೋಗುತ್ತದೆ. ಮೈಟೋಕಾಂಡ್ರಿಯಾ ಪರೀಕ್ಷೆ ಅವ್ವ, ಅವ್ವನ ಅವ್ವ ಅನ್ನುವ ಎಳೆ. ಶುರು ಮಾಡುವವರಿಗೆ ಆಟೋಸೋಮಲ್ ಸಾಕು.

ದುಡ್ಡು ಕಟ್ಟುವ ಮೊದಲು ಕಂಪನಿಯನ್ನು ಎರಡು ವಿಷಯ ಕೇಳಿ. ಡಿಎನ್‌ಎ ಹೊಂದುವ ನೆಂಟರ ಪಟ್ಟಿ ಕೊಡುತ್ತೀರಾ? ಕಚ್ಚಾ ಡೇಟಾದ ಫೈಲನ್ನು ಇಳಿಸಿಕೊಳ್ಳಲು ಬಿಡುತ್ತೀರಾ? ನಮ್ಮಲ್ಲಿ ಮಾರುವ ಹಲವು ಕಿಟ್‌ಗಳು ಆರೋಗ್ಯದ ವರದಿ, ಮೂಲದ ಶೇಕಡಾವಾರು ಚಿತ್ರ ಇಷ್ಟನ್ನೇ ಕೊಡುತ್ತವೆ. ನೆಂಟರ ಪಟ್ಟಿ ಇಲ್ಲದಿದ್ದರೆ ಮರಕ್ಕೆ ಜೋಡಿಸಲು ಏನೂ ಇಲ್ಲ. ಮೂಲದ ಶೇಕಡಾವಾರು ನೋಡಿ ಕೊಡವರು ಎಲ್ಲಿಂದ ಬಂದರು ಅಂತ ವಾದ ಮಾಡುವವರಿದ್ದಾರೆ. ಆ ಅಂಕಿ ಕಂಪನಿಯ ಹತ್ತಿರ ಯಾವ ಯಾವ ಜನರ ಮಾದರಿ ಇದೆ ಅನ್ನುವುದರ ಮೇಲೆ ನಿಂತಿದೆ. ಕಂಪನಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ವಂಶವೃಕ್ಷದ ಕೆಲಸಕ್ಕೆ ಅದು ಬೇಡ.

ಕಚ್ಚಾ ಡೇಟಾ ಮತ್ತು ಮರದ ಫೈಲು

ಫಲಿತಾಂಶ ಬಂದ ದಿನವೇ ಕಚ್ಚಾ ಡೇಟಾ ಇಳಿಸಿಕೊಳ್ಳಿ. ಅದು ಆರೇಳು ಲಕ್ಷ ಸಾಲುಗಳ ಸಾದಾ ಪಠ್ಯದ ಫೈಲು. ಪ್ರತಿ ಸಾಲಿನಲ್ಲೂ ಗುರುತಿನ ಹೆಸರು, ಕ್ರೋಮೋಸೋಮ್ ಸಂಖ್ಯೆ, ಜಾಗ, ಎರಡು ಅಕ್ಷರ ಇಷ್ಟೇ. ಸಾಮಾನ್ಯವಾಗಿ ಜಿಪ್ ರೂಪದಲ್ಲಿ ಬರುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ, ಸಾಲುಗಳು ಕೆಡುತ್ತವೆ. ಬಂದ ಹಾಗೆಯೇ ಇಟ್ಟು, ಹಾಗೆಯೇ ಬೇರೆ ಕಡೆಗೆ ಏರಿಸಿ.

ಬೇರೆ ಕಡೆ ಯಾಕೆ? ನೆಂಟರು ಒಂದೇ ವೆಬ್‌ಸೈಟಿನಲ್ಲಿ ಇರುವುದಿಲ್ಲ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಒಂದರಲ್ಲಿ ಮಾಡಿಸಿರುತ್ತಾನೆ, ನೀವು ಇನ್ನೊಂದರಲ್ಲಿ. ಆನ್ಸೆಸ್ಟ್ರಿ ಹೊರಗಿನ ಫೈಲು ತೆಗೆದುಕೊಳ್ಳುವುದಿಲ್ಲ. ಫ್ಯಾಮಿಲಿ ಟ್ರೀ ಡಿಎನ್‌ಎ, ಜೆಡ್‌ಮ್ಯಾಚ್ ತೆಗೆದುಕೊಳ್ಳುತ್ತವೆ. 2010ರಲ್ಲಿ ಶುರುವಾದ ಜೆಡ್‌ಮ್ಯಾಚ್ ಇರುವುದೇ ಬೇರೆ ಬೇರೆ ಕಂಪನಿಗಳ ಫಲಿತಾಂಶವನ್ನು ಒಂದೇ ಕಡೆ ಹೋಲಿಸುವುದಕ್ಕೆ. ಏರಿಸುವಾಗ ಪೊಲೀಸ್ ತನಿಖೆಗೆ ಹೋಲಿಕೆ ಮಾಡಲು ಒಪ್ಪಿಗೆ ಇದೆಯೇ ಅಂತ ಅದು ಕೇಳುತ್ತದೆ. ಓದಿ, ಕಿಟ್ ಯಾರದೋ ಅವರನ್ನು ಕೇಳಿ, ಆಮೇಲೆ ಗುಂಡಿ ಒತ್ತಿ.

ಮರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಫೈಲಿಗೆ ಜೆಡ್‌ಕಾಮ್ ಅನ್ನುತ್ತಾರೆ. ಕನ್ನಡದಲ್ಲಿ ಬರೆದವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಫೈಲು ಇಳಿಸುವಾಗ ಅಕ್ಷರ ವ್ಯವಸ್ಥೆ ಯುಟಿಎಫ್-8 ಅಂತ ಆರಿಸಿ. ಹಳೆಯ ವ್ಯವಸ್ಥೆಯಲ್ಲಿ ಇಳಿಸಿದರೆ ಕಾವೇರಮ್ಮ, ಮುತ್ತಣ್ಣ ಎಲ್ಲ ಪ್ರಶ್ನೆ ಚಿಹ್ನೆಗಳ ಸಾಲಾಗಿಬಿಡುತ್ತಾರೆ. ನಾನು 180 ಹೆಸರುಗಳನ್ನು ಮತ್ತೆ ಕೈಯಲ್ಲಿ ತುಂಬಿಸಿದೆ.

ಕೊಂಡಿ ಹಾಕುವುದು

ಮೆನುವಿನ ಹೆಸರುಗಳು ಆಗಾಗ ಬದಲಾಗುತ್ತವೆ. ದಾರಿ ಮಾತ್ರ ಒಂದೇ.

ಮೊದಲು ಮರದಲ್ಲಿ ಪರೀಕ್ಷೆ ಮಾಡಿಸಿಕೊಂಡವರ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ. ಆಮೇಲೆ ಡಿಎನ್‌ಎ ವಿಭಾಗಕ್ಕೆ ಹೋಗಿ ಕಿಟ್‌ಗಳ ಪಟ್ಟಿ ತೆರೆಯಿರಿ. ಕಿಟ್‌ನ ಸೆಟ್ಟಿಂಗ್ಸ್‌ನಲ್ಲಿ ಮರಕ್ಕೆ ಜೋಡಿಸುವ ಆಯ್ಕೆ ಇರುತ್ತದೆ. ಯಾವ ಮರ ಅಂತ ಕೇಳುತ್ತದೆ, ಆರಿಸಿ. ಮರದಲ್ಲಿ ಇವರು ಯಾರು ಅಂತ ಕೇಳುತ್ತದೆ. ತಪ್ಪಾಗುವುದು ಈ ಪ್ರಶ್ನೆಯಲ್ಲಿ. ಹೆಸರಿನ ಮೊದಲ ಎರಡಕ್ಷರ ಹೊಡೆದ ಕೂಡಲೇ ಪಟ್ಟಿ ಇಳಿಯುತ್ತದೆ, ಅದರಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ಒಕ್ಕದ ಒಂದೇ ಹೆಸರು. ನಮ್ಮ ಒಬ್ಬ ತಮ್ಮ ತನ್ನ ಕಿಟ್‌ಗೆ ಗೊತ್ತಿಲ್ಲದೆ ತೀರಿಹೋದ ಅಜ್ಜನನ್ನು ಆರಿಸಿದ್ದ. ಎಲ್ಲ ನೆಂಟಸ್ತಿಕೆಯ ಲೆಕ್ಕವೂ ಎರಡು ತಲೆಮಾರು ಮೇಲಕ್ಕೆ ಹೋಗಿ ಕೂತಿತ್ತು. ಹುಟ್ಟಿದ ವರ್ಷ ನೋಡಿಯೇ ಆರಿಸಿ.

ಎರಡನೆಯ ಮಾಮೂಲಿ ತಪ್ಪು: ಅವ್ವನ ಕಿಟ್ ಮಗನ ಖಾತೆಯಲ್ಲಿ ಇರುತ್ತದೆ, ವೆಬ್‌ಸೈಟ್ ತಾನಾಗಿಯೇ ಅದನ್ನು ಮಗನಿಗೆ ಅಂಟಿಸುತ್ತದೆ. ಮಗನ ಹೆಸರಿನಲ್ಲಿರುವ ಮ್ಯಾಚುಗಳಲ್ಲಿ (ಡಿಎನ್‌ಎ ಹೊಂದಿದ ನೆಂಟರಲ್ಲಿ) ಅಪ್ಪನ ಕಡೆಯವರು ಒಬ್ಬರೂ ಕಾಣದಿದ್ದರೆ ಇದೇ ಆಗಿದೆ ಅಂತ ತಿಳಿಯಿರಿ. ಆಗುವುದಾದರೆ ಪ್ರತಿಯೊಬ್ಬ ದೊಡ್ಡವರಿಗೂ ಅವರದೇ ಇಮೇಲಿನಲ್ಲಿ ಖಾತೆ ಮಾಡಿ, ನೋಡಿಕೊಳ್ಳುವ ಹಕ್ಕನ್ನು ಮಾತ್ರ ನೀವು ಪಡೆಯಿರಿ.

ವಿಕಿಟ್ರೀ ಕೆಲಸ ಮಾಡುವ ರೀತಿ ಬೇರೆ. ಅದು ಉಚಿತ, ಇಡೀ ಲೋಕಕ್ಕೆ ಒಂದೇ ಮರ. ಕಚ್ಚಾ ಡೇಟಾವನ್ನು ಅಲ್ಲಿಗೆ ಏರಿಸುವುದಿಲ್ಲ. ಯಾವ ಪರೀಕ್ಷೆ ಮಾಡಿಸಿದ್ದೀರಿ ಅನ್ನುವ ಮಾಹಿತಿಯನ್ನು ನಿಮ್ಮ ಪ್ರೊಫೈಲಿಗೆ ಸೇರಿಸುತ್ತೀರಿ, ಅಷ್ಟೇ. ನಿಮ್ಮ ಜೊತೆ ಡಿಎನ್‌ಎ ಹಂಚಿಕೊಂಡಿರಬಹುದಾದ ಪೂರ್ವಿಕರ ಪುಟಗಳಲ್ಲಿ ಅದು ತಾನಾಗಿ ಕಾಣಿಸಿಕೊಳ್ಳುತ್ತದೆ. ಮುತ್ತಜ್ಜನ ಪುಟ ತೆರೆದವರಿಗೆ 'ಈ ಎಳೆಯಲ್ಲಿ ಒಬ್ಬರು ಪರೀಕ್ಷೆ ಮಾಡಿಸಿದ್ದಾರೆ' ಅಂತ ತಿಳಿಯುತ್ತದೆ. ತಂದೆ ತಾಯಿಯ ಸಂಬಂಧಕ್ಕೆ 'ಡಿಎನ್‌ಎಯಿಂದ ಖಚಿತ' ಅನ್ನುವ ಗುರುತೂ ಅಲ್ಲಿದೆ. ಅದನ್ನು ಹಾಕಬೇಕಾದರೆ ಯಾರ ಜೊತೆ ಎಷ್ಟು ಹೊಂದಿದೆ ಅಂತ ಆಧಾರ ಬರೆಯಬೇಕು. ಆ ಕಟ್ಟುನಿಟ್ಟು ನನಗೆ ಇಷ್ಟ.

ಮ್ಯಾಚ್ ಪಟ್ಟಿ ಓದುವುದು

ಹೊಂದಿಕೆಯನ್ನು ಅಳೆಯುವುದು ಸೆಂಟಿಮಾರ್ಗನ್‌ನಲ್ಲಿ. ತಂದೆ ತಾಯಿ ಮತ್ತು ಮಕ್ಕಳ ನಡುವೆ ಸುಮಾರು 3,400ರಿಂದ 3,500. ಒಡಹುಟ್ಟಿದವರಿಗೆ ಸರಾಸರಿ 2,600. ಅಜ್ಜ ಮೊಮ್ಮಗ, ಚಿಕ್ಕಪ್ಪ, ಸೋದರಮಾವ, ಅತ್ತೆ ಇವರೆಲ್ಲ 1,750ರ ಆಸುಪಾಸು. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳಿಗೆ 870, ಒಂದೇ ಮುತ್ತಜ್ಜ ಮುತ್ತಜ್ಜಿಯವರಿಗೆ 230, ಅದಕ್ಕೂ ಮೇಲಿನ ತಲೆಮಾರಿನಲ್ಲಿ ಸೇರುವವರಿಗೆ 70. ಇವು ಸಾವಿರಾರು ಜನ ಕೊಟ್ಟ ಅಂಕಿಗಳಿಂದ ಡಿಎನ್‌ಎ ವಂಶಾವಳಿ ತಜ್ಞ ಬ್ಲೇನ್ ಬೆಟಿಂಗರ್ ಕೂಡಿಸಿದ ಶೇರ್ಡ್ ಸಿಎಂ (ಸಿಎಂ ಅಂದರೆ ಸೆಂಟಿಮಾರ್ಗನ್) ಪ್ರಾಜೆಕ್ಟಿನ ಸರಾಸರಿಗಳು. ಅದರ ನಾಲ್ಕನೆಯ ಆವೃತ್ತಿ 2020ರಲ್ಲಿ ಬಂತು. ಡಿಎನ್‌ಎ ಪೇಂಟರ್ ವೆಬ್‌ಸೈಟಿನಲ್ಲಿ ನಿಮ್ಮ ಸಂಖ್ಯೆ ಹಾಕಿದರೆ ಯಾವ ಯಾವ ಸಂಬಂಧ ಆಗಬಹುದು ಅಂತ ತೋರಿಸುತ್ತದೆ. ಸರಾಸರಿಯ ಸುತ್ತ ಹರವು ದೊಡ್ಡದು. ಒಂದೇ ಮುತ್ತಜ್ಜನವರು 41ರಿಂದ 592ರವರೆಗೂ ಹೊಂದಿದ್ದಾರೆ. ಇನ್ನೂ ದೂರದವರಲ್ಲಿ, ಅಂದರೆ ಮುತ್ತಜ್ಜನ ಅಪ್ಪ ಒಬ್ಬರೇ ಆಗಿರುವವರಲ್ಲಿ, ಹತ್ತರಲ್ಲಿ ಒಬ್ಬರಿಗೆ ಹೊಂದಿಕೆಯೇ ಕಾಣದೆ ಹೋಗಬಹುದು. ಅದು ನೆಂಟಸ್ತಿಕೆ ಸುಳ್ಳು ಅನ್ನುವುದಕ್ಕೆ ಸಾಕ್ಷಿ ಅಲ್ಲ.

ವೆಬ್‌ಸೈಟ್ ಎಲ್ಲರನ್ನೂ ಕಸಿನ್ ಅನ್ನುತ್ತದೆ. ನೀವು ಅಷ್ಟಕ್ಕೇ ನಿಲ್ಲಬೇಡಿ. ದೊಡ್ಡಪ್ಪನ ಮಗ, ಸೋದರತ್ತೆಯ ಮಗ, ಸೋದರಮಾವನ ಮಗ, ಚಿಕ್ಕಮ್ಮನ ಮಗ, ನಾಲ್ವರಿಗೂ ನಮ್ಮಲ್ಲಿ ಬೇರೆ ಬೇರೆ ಮಾತಿದೆ. ಯಾರಿಂದ ಬಂದ ರಕ್ತ ಅನ್ನುವುದು ಆ ಮಾತಿನಲ್ಲೇ ಇದೆ. ಪ್ರತಿ ಮ್ಯಾಚಿನ ಟಿಪ್ಪಣಿಯಲ್ಲಿ ಕನ್ನಡದ ಸಂಬಂಧವನ್ನೇ ಬರೆಯಿರಿ. ವರ್ಷ ಕಳೆದ ಮೇಲೆ ನೋಡಿದರೂ ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಆಮೇಲೆ ಬಣ್ಣ ಹಚ್ಚಿ. ಮ್ಯಾಚುಗಳಿಗೆ ಬಣ್ಣದ ಚುಕ್ಕಿ ಇಡುವ ಸೌಲಭ್ಯ ಹೆಚ್ಚಿನ ಕಡೆ ಇದೆ. ನಾನು ನಾಲ್ಕು ಬಣ್ಣ ಇಟ್ಟುಕೊಂಡಿದ್ದೇನೆ: ಅಜ್ಜನ ಒಕ್ಕ, ಅಜ್ಜಿಯ ತವರಿನ ಒಕ್ಕ, ಅವ್ವನ ಅಪ್ಪನ ಒಕ್ಕ, ಅವ್ವನ ಅವ್ವನ ತವರು. ಗೊತ್ತಿರುವ ಒಬ್ಬರಿಗೆ ಬಣ್ಣ ಹಚ್ಚಿ, 'ಇಬ್ಬರಿಗೂ ಹೊಂದುವವರು' ಅನ್ನುವ ಪಟ್ಟಿ ತೆರೆಯಿರಿ. ಅದರಲ್ಲಿರುವವರಿಗೂ ಅದೇ ಬಣ್ಣ. ಹೀಗೆ ಮಾಡುತ್ತಾ ಹೋದರೆ ಗೊತ್ತಿಲ್ಲದ ಹೆಸರೂ ಯಾವ ಮನೆಯ ಕಡೆಯದು ಅಂತ ತಾನಾಗಿ ತೋರುತ್ತದೆ.

ಒಬ್ಬರಿಗೇ ಎರಡು ಮೂರು ಬಣ್ಣ ಬಂದಾಗ

ಬರುತ್ತದೆ. ಕೊಡಗಿನಲ್ಲಿ ಬಂದೇ ಬರುತ್ತದೆ. ಒಕ್ಕದ ಒಳಗೆ ಮದುವೆ ಇಲ್ಲ, ಆದರೆ ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ಪದ್ಧತಿ ಹಿಂದಿನಿಂದ ಇದೆ. ಜನಸಂಖ್ಯೆ ಸಣ್ಣದು. ನೂರಾರು ವರ್ಷ ಅದೇ ಒಕ್ಕಗಳ ನಡುವೆ ಕೊಟ್ಟು ತಂದು ಮಾಡಿದ್ದಾರೆ. ಹಾಗಾಗಿ ಗೊತ್ತಿಲ್ಲದವರ ಜೊತೆಯೂ ಹೊಂದಿಕೆ ಬರುತ್ತದೆ. ವೆಬ್‌ಸೈಟ್ ಎಲ್ಲರನ್ನೂ ಇರುವುದಕ್ಕಿಂತ ಹತ್ತಿರದವರು ಅಂತ ಹೇಳುತ್ತದೆ.

ಇದಕ್ಕೆ ಮೂರು ಉಪಾಯ. ಒಟ್ಟು ಸಂಖ್ಯೆ ನೋಡುವ ಮೊದಲು ಹೊಂದಿದ ಡಿಎನ್‌ಎಯ ಅತಿ ಉದ್ದದ ತುಂಡು ಎಷ್ಟು ಅಂತ ನೋಡಿ. 60 ಸೆಂಟಿಮಾರ್ಗನ್ ಒಂದೇ ತುಂಡಿನಲ್ಲಿದ್ದರೆ ಹತ್ತಿರದ ಪೂರ್ವಿಕ ಸಿಗಬಹುದು. ಅದೇ 60 ಏಳೆಂಟು ಚೂರುಗಳಲ್ಲಿ ಹಂಚಿಹೋಗಿದ್ದರೆ ಅದು ಬಹಳ ಹಿಂದಿನ, ಹಲವು ದಾರಿಗಳಿಂದ ಬಂದ ನೆಂಟಸ್ತಿಕೆ. ಎರಡನೆಯದು, ಸಣ್ಣ ಚೂರುಗಳನ್ನು ಬಿಟ್ಟುಬಿಡಿ. ಬೇರೆ ಕಡೆಯವರು ಏಳೆಂಟು ಸೆಂಟಿಮಾರ್ಗನ್‌ಗಿಂತ ಕಡಿಮೆಯದನ್ನು ಬಿಡುತ್ತಾರೆ. ನಾನು 20ಕ್ಕಿಂತ ಕಡಿಮೆಯ ತುಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರನೆಯದು, ಮರದಲ್ಲಿ ಎಲ್ಲ ಹೆಂಗಸರ ತವರನ್ನೂ ತುಂಬಿಸಿ. ನನ್ನ ಅಜ್ಜಿಯರ ವಿಷಯದಲ್ಲಿ ಲೆಕ್ಕ ಸರಿಹೋದದ್ದು ಅಲ್ಲಿಯೇ.

ತಂದೆ ತಾಯಿ ಸೋದರಿಕೆಯಲ್ಲಿ ಮದುವೆಯಾಗಿದ್ದರೆ ಮಕ್ಕಳ ಮರದಲ್ಲಿ ಮುತ್ತಜ್ಜ ಮುತ್ತಜ್ಜಿಯರ ಎಂಟು ಜಾಗಕ್ಕೆ ಆರು ಜನ ಮಾತ್ರ ಇರುತ್ತಾರೆ. ಆಗ ಒಂದೇ ಮುತ್ತಜ್ಜನನ್ನು ಎರಡು ಸಲ ಸೃಷ್ಟಿಸಬೇಡಿ. ಒಂದೇ ಪ್ರೊಫೈಲ್ ಇಟ್ಟು ಎರಡೂ ಕೊಂಬೆಗಳನ್ನು ಅದಕ್ಕೇ ಕಟ್ಟಿ. 'ಮೊದಲೇ ಇರುವ ವ್ಯಕ್ತಿಯನ್ನು ಜೋಡಿಸು' ಅನ್ನುವ ಆಯ್ಕೆ ಇರುತ್ತದೆ. ಎರಡು ಪ್ರತಿ ಇದ್ದರೆ ವೆಬ್‌ಸೈಟಿಗೆ ಎರಡು ದಾರಿ ಇದೆ ಅಂತಲೇ ತಿಳಿಯುವುದಿಲ್ಲ.

ವೈ ಎಳೆ ಮತ್ತು ಒಕ್ಕ

ಇಲ್ಲಿ ನಿಧಾನವಾಗಿ ಹೋಗಬೇಕು.

ಒಕ್ಕದ ಮೂಲ ಕಾರೋಣ (ಮೂಲ ಪುರುಷ) ಎಂಟು ಹತ್ತು ತಲೆಮಾರು ಹಿಂದಿನವರು ಅಂತಿಟ್ಟುಕೊಳ್ಳಿ. ಎಂಟು ತಲೆಮಾರು ಮೇಲೆ ನಮಗೆ 256 ಪೂರ್ವಿಕರ ಜಾಗ ಇದೆ. ಒಬ್ಬೊಬ್ಬರ ಪಾಲು ಶೇಕಡಾ ಅರ್ಧಕ್ಕಿಂತ ಕಡಿಮೆ. ಆಟೋಸೋಮಲ್ ಪರೀಕ್ಷೆ ಅಷ್ಟು ದೂರದಲ್ಲಿ ಒಬ್ಬ ವ್ಯಕ್ತಿಯನ್ನು ಹಿಡಿದು ತೋರಿಸಲಾರದು. ವೈ ಮಾತ್ರ ಅಪ್ಪನಿಂದ ಮಗನಿಗೆ ಹೆಚ್ಚು ಬದಲಾಗದೆ ಇಳಿಯುತ್ತದೆ. ಒಕ್ಕದ ಹೆಸರು ಇಳಿಯುವುದೂ ಅದೇ ದಾರಿಯಲ್ಲಿ. ಹಾಗಾಗಿ ಒಂದೇ ಒಕ್ಕದ ಎರಡು ಕವಲುಗಳ ಗಂಡಸರು ವೈ ಪರೀಕ್ಷೆ ಮಾಡಿಸಿದರೆ ಹೊಂದಬೇಕು.

ನಮ್ಮಲ್ಲಿ ಹೊಂದಲಿಲ್ಲ. 37 ಗುರುತುಗಳಲ್ಲಿ 20ಕ್ಕಿಂತ ಜಾಸ್ತಿ ಬೇರೆ. ವೈ ಎಳೆಯ ಮೂಲ ಗುಂಪೇ ಬೇರೆ. ವರದಿ ಕೈಯಲ್ಲಿ ಹಿಡಿದುಕೊಂಡು ಒಂದು ದಿನ ಯಾರಿಗೂ ಹೇಳಲಿಲ್ಲ. ತಪ್ಪು ಅರ್ಥ ಮಾಡಿಕೊಂಡವರು ಯಾರದೋ ಅಜ್ಜಿಯ ಮೇಲೆ ಮಾತಾಡುತ್ತಾರೆ ಅನ್ನುವ ಭಯ ನನಗಿತ್ತು.

ಆಮೇಲೆ ಒಕ್ಕದ ಹಿರಿಯರನ್ನು ಕೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಆ ಕವಲಿನಲ್ಲಿ ಒಂದು ಕಾಲಕ್ಕೆ ಗಂಡುಮಕ್ಕಳು ಉಳಿದಿರಲಿಲ್ಲ. ಮನೆಯ ಮಗಳಿಗೆ ಒಕ್ಕ ಪರಿಜೆಯಲ್ಲಿ ಮದುವೆ ಮಾಡಿದ್ದರು. ಹುಡುಗ ತನ್ನ ಒಕ್ಕ ಬಿಟ್ಟು ಹೆಂಡತಿಯ ಒಕ್ಕಕ್ಕೆ ಬಂದು, ಅದೇ ಹೆಸರು ತೆಗೆದುಕೊಂಡ. ಮಕ್ಕಳೆಲ್ಲ ಈ ಒಕ್ಕದವರು. ಮಕ್ಕ ಪರಿಜೆ ಅಂತ ಇನ್ನೊಂದಿದೆ. ಅದರಲ್ಲಿ ಗಂಡ ತನ್ನ ಒಕ್ಕದವನಾಗಿಯೇ ಉಳಿಯುತ್ತಾನೆ, ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ. ಎರಡೂ ಮುಚ್ಚಿಟ್ಟ ವಿಷಯ ಅಲ್ಲ, ಒಕ್ಕ ಅಳಿಯದೆ ಉಳಿಯಲಿ ಅಂತ ಹಿರಿಯರು ಎಲ್ಲರ ಮುಂದೆ ಮಾಡಿಕೊಂಡ ಏರ್ಪಾಡು. ಮದುವೆಯಲ್ಲಿ ಅರುವರು (ಒಕ್ಕಗಳ ಪರವಾಗಿ ಮಾತಾಡುವ ಹಿರಿಯರು) ನಿಂತು ಹುಡುಗಿಗೆ ಹೊಸ ಒಕ್ಕದ ಹಕ್ಕು ಕೊಡಿಸುವುದನ್ನು ನೋಡಿದ್ದೀರಲ್ಲ? ಒಕ್ಕಕ್ಕೆ ಸೇರುವುದು ರಕ್ತದಿಂದ ಮಾತ್ರ ಅಂತ ನಮ್ಮವರು ಎಂದೂ ಅಂದುಕೊಂಡಿರಲಿಲ್ಲ.

ಹಾಗಾದರೆ ಮರದಲ್ಲಿ ಹೇಗೆ ಹಾಕಬೇಕು? ರಕ್ತದ ಎಳೆಯನ್ನೂ ಒಕ್ಕದ ಎಳೆಯನ್ನೂ ಎರಡನ್ನೂ ಹಾಕಿ, ಒಂದಕ್ಕಾಗಿ ಇನ್ನೊಂದನ್ನು ಅಳಿಸಬೇಡಿ. ಒಕ್ಕ ಪರಿಜೆಯಲ್ಲಿ ಬಂದವರಿಗೆ ಹುಟ್ಟಿದ ಒಕ್ಕವನ್ನು ಹುಟ್ಟು ಹೆಸರಿನ ಖಾನೆಯಲ್ಲಿ, ಸೇರಿದ ಒಕ್ಕವನ್ನು ಈಗಿನ ಹೆಸರಿನ ಖಾನೆಯಲ್ಲಿ ಬರೆಯಿರಿ. ಅವರ ತಂದೆ ತಾಯಿ ಅಂತ ಹೆತ್ತವರನ್ನೇ ಜೋಡಿಸಿ. ಘಟನೆ ಸೇರಿಸುವ ಜಾಗದಲ್ಲಿ ನಿಮ್ಮದೇ ಹೆಸರಿನ ಘಟನೆ ಮಾಡಲು ಬಿಡುತ್ತಾರೆ. ಅಲ್ಲಿ 'ಒಕ್ಕ ಪರಿಜೆ' ಅಂತಲೇ ಬರೆದು, ಅಂದಾಜು ವರ್ಷ, ಹೇಳಿದ ಹಿರಿಯರ ಹೆಸರು ಹಾಕಿ. ಮಕ್ಕ ಪರಿಜೆಯ ಮಕ್ಕಳಿಗೆ ಕುಟುಂಬದ ಹೆಸರು ತಾಯಿಯ ಒಕ್ಕ, ತಂದೆ ಮಾತ್ರ ಅವರ ಒಕ್ಕದ ಹೆಸರಿನಲ್ಲೇ. ದತ್ತು ಆಗಿದ್ದರೆ ಹೆಚ್ಚಿನ ವೆಬ್‌ಸೈಟುಗಳು ಎರಡು ಜೋಡಿ ತಂದೆ ತಾಯಿಯನ್ನು ಹಾಕಲು ಬಿಡುತ್ತವೆ. ಹೆತ್ತವರು, ದತ್ತು ಪಡೆದವರು ಅಂತ ಸಂಬಂಧದ ಬಗೆಯನ್ನು ಆರಿಸಿ. ವಿಕಿಟ್ರೀಯಲ್ಲಿ ತಂದೆ ತಾಯಿಯ ಜಾಗ ಸಾಮಾನ್ಯವಾಗಿ ಹೆತ್ತವರಿಗೆ, ದತ್ತಿನ ವಿವರ ಪ್ರೊಫೈಲಿನ ಬರಹದಲ್ಲಿ.

ಇಷ್ಟು ಮಾಡಿದ ಮೇಲೆ ವೈ ಫಲಿತಾಂಶ ಯಾವ ಎಳೆಗೆ ಸೇರಬೇಕೋ ಅದಕ್ಕೆ ತಾನಾಗಿ ಸೇರುತ್ತದೆ. ನಮ್ಮ ಆ ಕವಲಿನ ವೈ ಹೊಂದಿದ್ದು, ಒಕ್ಕ ಪರಿಜೆಯಲ್ಲಿ ಬಂದ ಆ ಹುಡುಗ ಹುಟ್ಟಿದ ಒಕ್ಕದ ಒಬ್ಬರ ಜೊತೆ. ಅವರ ಮನೆಗೆ ಈಗ ನಾವು ಹೋಗಿ ಬಂದು ಮಾಡುತ್ತೇವೆ.

ಇಂಥ ಫಲಿತಾಂಶವನ್ನು ಎಲ್ಲರೂ ನೋಡುವ ಮರಕ್ಕೆ ಏರಿಸುವ ಮೊದಲು ಎರಡೂ ಕವಲಿನ ಹಿರಿಯರನ್ನು ಕೂರಿಸಿ ಕೇಳಿ. ಒಕ್ಕದ ವಾಟ್ಸಾಪ್ ಗುಂಪಿಗೆ ಸುಮ್ನೆ ಹಾಕಿಬಿಡಬೇಡಿ. ಹತ್ತಿರದ ತಲೆಮಾರಿನಲ್ಲೇ ನಿರೀಕ್ಷೆಗೆ ವಿರುದ್ಧವಾದದ್ದು ಬಂದರೆ, ಅಂದರೆ ಒಡಹುಟ್ಟಿದವರು ಅಂದುಕೊಂಡವರು 1,750ಕ್ಕೆ ಇಳಿದರೆ, ಅದು ಅವರಿಬ್ಬರ ವಿಷಯ. ಮರದ ವಿಷಯ ಆಮೇಲೆ.

ಬದುಕಿರುವವರ ಗುಟ್ಟು

ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು, ಡಿಎನ್‌ಎ ಬದಲಾಯಿಸಲಾಗುವುದಿಲ್ಲ. 2023ರಲ್ಲಿ 23ಆಂಡ್‌ಮಿ ಕಂಪನಿಯಲ್ಲಿ ಸುಮಾರು 14,000 ಖಾತೆಗಳಿಗೆ ಕಳ್ಳರು ನುಗ್ಗಿದರು. ಆ ಬಳಕೆದಾರರು ಬೇರೆ ಕಡೆಯ ಪಾಸ್‌ವರ್ಡನ್ನೇ ಇಲ್ಲೂ ಇಟ್ಟಿದ್ದರು. ನೆಂಟರ ಪಟ್ಟಿಯ ಮೂಲಕ 69 ಲಕ್ಷ ಜನರ ಮಾಹಿತಿ ಹೊರಬಿತ್ತು. ಅದೇ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಹಾಗಾಗಿ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ಎರಡು ಹಂತದ ಲಾಗಿನ್ ಹಾಕಿ, ಕಚ್ಚಾ ಡೇಟಾದ ಒಂದು ಪ್ರತಿ ನಿಮ್ಮ ಹತ್ತಿರ ಪೆನ್ ಡ್ರೈವಿನಲ್ಲಿ ಇರಲಿ. ಬದುಕಿರುವವರ ಪ್ರೊಫೈಲುಗಳನ್ನು ಖಾಸಗಿ ಮಾಡಿ. ಮಕ್ಕಳ ಕಿಟ್ ಮಾಡಿಸಲೇಬೇಡಿ, ದೊಡ್ಡವರಾದ ಮೇಲೆ ಅವರೇ ತೀರ್ಮಾನಿಸಲಿ. ಹಿರಿಯರು ತೀರಿಕೊಂಡ ಮೇಲೆ ಅವರ ಕಿಟ್ ಯಾರ ಕೈಗೆ ಅನ್ನುವುದನ್ನೂ ಅವರು ಇರುವಾಗಲೇ ಕೇಳಿ ಬರೆದಿಡಿ.

ಮರ ಬೆಳೆಯುವುದು ಜನರಿಂದ. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಒಕ್ಕ ಒಕ್ಕಗಳೇ ತಂಡ ಕಟ್ಟಿಕೊಂಡು ಬರುತ್ತವೆ. ಬಣ್ಣ ತಿಳಿಯದ ಮ್ಯಾಚುಗಳ ಒಕ್ಕದ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ನಾನು ಅಲ್ಲಿಗೆ ಹೋಗುತ್ತೇನೆ. ಮೈದಾನದ ಬದಿಯಲ್ಲಿ ಅರ್ಧ ಗಂಟೆ ಮಾತಾಡಿದರೆ ಸಿಗುವ ಅಜ್ಜಿಯರ ತವರು, ಆರು ತಿಂಗಳು ಇಮೇಲ್ ಕಳಿಸಿದರೂ ಸಿಗುವುದಿಲ್ಲ.

ವರ್ಷಕ್ಕೊಮ್ಮೆ ಇಡೀ ಮರವನ್ನು ಕನ್ನಡದಲ್ಲಿ ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ. ನಮ್ಮದು ಐನ್‌ಮನೆಯ ನೆಲ್ಲಕ್ಕಿಯ (ನಡುಮನೆಯ) ಗೋಡೆಯಲ್ಲಿದೆ, ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪೆನ್ಸಿಲ್. ಹೋದ ಪುತ್ತರಿಗೆ ಮೂರು ತಿದ್ದುಪಡಿ ಬಂದಿದ್ದವು. ಎರಡು ಹುಟ್ಟಿದ ವರ್ಷಗಳು. ಮೂರನೆಯದು ನನ್ನ ಅಜ್ಜಿಯ ಹೆಸರಿನ ಕೆಳಗೆ, ಅತ್ತೆಯ ನಡುಗುವ ಅಕ್ಷರದಲ್ಲಿ: 'ಇವಳಿಗೆ ಇನ್ನೊಬ್ಬಳು ತಂಗಿ ಇದ್ದಳು.' ಆ ತಂಗಿಯ ಮದುವೆಯಾದ ಒಕ್ಕದ ಹೆಸರನ್ನೂ ಅವರೇ ಬರೆದಿದ್ದಾರೆ. ನನ್ನ ಪಟ್ಟಿಯಲ್ಲಿ ಬಣ್ಣ ಹಚ್ಚದೆ ಉಳಿದಿರುವ ಹನ್ನೊಂದು ಮ್ಯಾಚುಗಳಲ್ಲಿ ನಾಲ್ಕು ಅದೇ ಒಕ್ಕದವು.